ಮೋಟಾರ್ ಸೈಕಲನ್ನು ಟ್ರೇಲರಿನಲ್ಲಿ ಸಾಗಿಸುವಾಗ



ಈ ಹೊತ್ತು ತಮ್ಮೊಡನೆ ಗೊಬ್ಬರದ ಮಾತಾಗಲಿ, ಬೋರ್ಡೋ ದ್ರಾವಣದ ಮಾತಾಗಲಿ ಆಡುವುದಿಲ್ಲ. ಮನೆಯ ಅಂಗಳದಲ್ಲಿ ನಿಂತಿರತಕ್ಕ ಮೋಟಾರ್ ಸೈಕಲಿನ ಸಂಗತಿ ಒಂದಿಷ್ಟು ಹೇಳಬೇಕಾಗಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಈಗ ಬೈಕು ಇಲ್ಲದ ಮನೆ ಹುಡುಕುವುದು ಕಷ್ಟ. ಹಾಲಿನ ಕ್ಯಾನು ಡೈರಿಗೆ ಹೋಗುವುದು ಅದರ ಮೇಲೆ, ಮಕ್ಕಳು ಬಸ್ಸಿನ ನಿಲ್ದಾಣದ ತನಕ ಹೋಗುವುದು ಅದರ ಮೇಲೆ, ರೈಟರು ತೋಟ ಸುತ್ತುವುದೂ ಅದರ ಮೇಲೆಯೇ. ಅಂಥ ಬೈಕು ಒಂದಲ್ಲ ಒಂದು ದಿನ ತಾನೇ ಇನ್ನೊಂದು ಗಾಡಿ ಹತ್ತಿ ಹೋಗಬೇಕಾಗುತ್ತದೆ. ಚೈನು ತುಂಡಾಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಹೋಗುತ್ತದೆ. ಪೇಟೆಯ ಮೆಕ್ಯಾನಿಕ್ಕಿನ ತನಕ ಏರಿಳಿತದ ದಾರಿಯಲ್ಲಿ ತಳ್ಳಿಕೊಂಡು ಹೋಗಲು ಯಾರಿಂದ ಆದೀತು? ಆಗ ನೆನಪಿಗೆ ಬರುವುದು ಗೊಬ್ಬರ ಹೊರುವ ಟ್ರ್ಯಾಕ್ಟರ್ ಟ್ರೇಲರು, ಇಲ್ಲವೇ ಪಕ್ಕದ ಮನೆಯವರ ಪಿಕಪ್ಪು.

ನಾಲ್ಕು ಜನ ಸೇರಿ ಬೈಕು ಹತ್ತಿಸಿದ್ದಾಯಿತು. ಸೈಡ್ ಸ್ಟ್ಯಾಂಡ್ ಹಾಕಿದ್ದಾಯಿತು. ಹಳೇ ಟ್ಯೂಬಿನಿಂದ ಹ್ಯಾಂಡಲಿಗೊಂದು ಸುತ್ತು ಬಿಗಿದದ್ದೂ ಆಯಿತು. ಆಮೇಲೆ ಮನೆಯ ಹುಡುಗನನ್ನೋ, ಕೆಲಸದವರಲ್ಲಿ ಒಬ್ಬರನ್ನೋ ಕರೆದು, "ಹತ್ತು ಮಾರಾಯ, ಗಾಡಿ ಹಿಡ್ಕೊಂಡು ಕೂತ್ಕೋ, ಬೀಳದ ಹಾಗೆ ನೋಡ್ಕೋ" ಎಂದುಬಿಡುತ್ತೇವೆ. ಈ ಕೊನೆಯ ಮಾತಿಗಾಗಿಯೇ ನಾನು ಇಷ್ಟೆಲ್ಲ ಹೇಳಹೊರಟಿರುವುದು. ಹಗ್ಗ ಮಾಡಬೇಕಾದ ಕೆಲಸವನ್ನು ಮನುಷ್ಯನ ಕೈಗೆ ಒಪ್ಪಿಸಿದ್ದೇವೆ. ಅವನ ಕೈಯಿಂದ ಅದು ಆಗುವ ಕೆಲಸವಲ್ಲ. ಬೈಕು ಬಿದ್ದರೆ ಬೀಳುವುದು ಅವನ ಮೇಲೆಯೇ.

ಯಾಕೆ ಆಗುವುದಿಲ್ಲ ಎನ್ನುತ್ತೀರೋ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಮ್ಮ ಕಡೆ ಹೆಚ್ಚಾಗಿ ಕಾಣುವ ಸ್ಪ್ಲೆಂಡರ್ ಬೈಕಿನ ತೂಕ ಸುಮಾರು ೧೧೨ ಕಿಲೋ. ಅಂದರೆ ಐವತ್ತು ಕಿಲೋದ ಎರಡು ಮೂಟೆ ಚೆರಿ ಕಾಫಿ, ಮೇಲೊಂದು ಹನ್ನೆರಡು ಕಿಲೋ. ಬುಲೆಟ್ ೩೫೦ ಆದರೆ ಸುಮಾರು ೧೯೫ ಕಿಲೋ, ನಾಲ್ಕು ಮೂಟೆಗೆ ಐದೇ ಕಿಲೋ ಕಡಿಮೆ. ಗಾಡಿ ನಿಂತಿರುವಾಗ ಈ ಭಾರವೆಲ್ಲ ನೆಲಕ್ಕೆ ಇಳಿದಿರುತ್ತದೆ. ಹಿಡಿದು ನಿಂತವನಿಗೆ ಬೆರಳಿನಷ್ಟೂ ಕಷ್ಟವಿಲ್ಲ. ಓಡುವಾಗ ಹಾಗಲ್ಲ. ಐವತ್ತು ಅಡಿ ತ್ರಿಜ್ಯದ ಒಂದು ತಿರುವನ್ನು ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ತಿರುಗಿಸಿದಿರಿ ಎನ್ನಿ. ಬೈಕು ತನ್ನ ತೂಕದ ಹತ್ತಿರ ಹತ್ತಿರ ಅರ್ಧದಷ್ಟು ಬಲದಿಂದ ಹೊರಮಗ್ಗುಲಿಗೆ ವಾಲುತ್ತದೆ. ಸ್ಪ್ಲೆಂಡರಿಗೆ ಅದು ೫೦ ಕಿಲೋ ದಾಟುತ್ತದೆ, ಬುಲೆಟ್ಟಿಗೆ ೯೦ ಕಿಲೋ. ಅದೇ ತಿರುವಿನಲ್ಲಿ ೨೦ ಕಿಲೋಮೀಟರಿಗೆ ಇಳಿಸಿದರೆ ಈ ಬಲ ತೂಕದ ಐದನೆಯ ಒಂದು ಪಾಲಿಗೆ ಇಳಿದುಬಿಡುತ್ತದೆ. ವೇಗವನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದ್ದಕ್ಕೆ ಬಲ ಅರ್ಧಕ್ಕಿಂತಲೂ ಹೆಚ್ಚು ಕಡಿಮೆಯಾಯಿತು, ನೋಡಿ. ಇನ್ನು ಎದುರಿಗೆ ದನವೋ ಬಸ್ಸೋ ಬಂದು ಜೋರಾಗಿ ಬ್ರೇಕ್ ಹಾಕಿದಾಗ ಬೈಕು ಮುಂದಕ್ಕೆ ನುಗ್ಗುವ ಬಲ ಇದಕ್ಕಿಂತಲೂ ಜಾಸ್ತಿ. ಲಾರಿಯ ಸರಕು ಕಟ್ಟುವವರಿಗೆ ಯುರೋಪಿನ ದೇಶಗಳಲ್ಲಿ ಒಂದು ನಿಯಮ ಉಂಟು: ಮುಂದಕ್ಕೆ ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲು, ಅಕ್ಕಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ಪಾಲು ಬಲವನ್ನು ಕಟ್ಟು ತಡೆಯಬೇಕು. ನಮ್ಮ ಬುಲೆಟ್ಟಿಗೆ ಈ ಲೆಕ್ಕ ಹಾಕಿದರೆ ಮುಂದಕ್ಕೆ ೧೫೬ ಕಿಲೋ. ಅಲುಗಾಡುವ ಟ್ರೇಲರಿನಲ್ಲಿ, ತಾನೇ ಕಾಲೂರಲು ಒದ್ದಾಡುತ್ತಿರುವ ಹುಡುಗ ಮೂರು ಮೂಟೆ ಕಾಫಿಯನ್ನು ತಡೆದು ನಿಲ್ಲಿಸಿಯಾನೇ?

ಸರಿ, ಹಗ್ಗದಿಂದ ಕಟ್ಟೋಣ. ಆದರೆ ಹಗ್ಗವೂ ಸಡಿಲವಾಗುತ್ತದಲ್ಲ, ಅದು ಏಕೆ? ಬೈಕನ್ನು ಕಾಫಿ ಮೂಟೆಯ ಹಾಗೆ, ಮರದ ದಿಮ್ಮಿಯ ಹಾಗೆ ಕಟ್ಟುತ್ತೇವೆ. ಬೈಕು ದಿಮ್ಮಿಯಲ್ಲ. ಮುಂದೆ ಫೋರ್ಕಿನೊಳಗೆ ಸ್ಪ್ರಿಂಗು, ಹಿಂದೆ ಶಾಕ್ ಅಬ್ಸಾರ್ಬರು, ಕೆಳಗೆ ಗಾಳಿ ತುಂಬಿದ ಟೈರು. ಟ್ರೇಲರು ಒಂದು ಗುಂಡಿಗೆ ಇಳಿದಾಗ ಸ್ಪ್ರಿಂಗು ಕುಗ್ಗಿ ಬೈಕು ಎರಡು ಮೂರು ಅಂಗುಲ ಕೆಳಗೆ ಹೋಗುತ್ತದೆ. ಆ ಕ್ಷಣಕ್ಕೆ ಹಗ್ಗ ಸಡಿಲ. ಮರುಕ್ಷಣ ಬೈಕು ಮೇಲೆದ್ದು ಹಗ್ಗವನ್ನು ಜಗ್ಗುತ್ತದೆ. ಹೀಗೆ ನೂರು ಸಲ ಆದಮೇಲೆ ಗಂಟು ಜಾರುತ್ತದೆ, ಕೊಕ್ಕೆ ಕಳಚುತ್ತದೆ. ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಎಷ್ಟೋ ಗಾಡಿಗಳಿಗೆ ಪಟ್ಟಿಯ ಸ್ಪ್ರಿಂಗೇ ಇರುವುದಿಲ್ಲ. ಖಾಲಿ ಟ್ರೇಲರಂತೂ ಭಾರ ಹೊತ್ತ ಟ್ರೇಲರಿಗಿಂತ ಹೆಚ್ಚು ಕುಣಿಯುತ್ತದೆ. ನಮ್ಮ ಎಸ್ಟೇಟ್ ರಸ್ತೆಗಳ ವಿಷಯ ನಾನು ಹೇಳುವುದು ಬೇಡ.

ಆದ್ದರಿಂದ ಸ್ಪ್ರಿಂಗನ್ನು ಮೊದಲೇ ಕುಗ್ಗಿಸಿ ಕಟ್ಟಬೇಕು. ಆಗ ಸ್ಪ್ರಿಂಗು ಸದಾ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಹಗ್ಗ ಸದಾ ಬಿಗಿಯಾಗಿಯೇ ಇರುತ್ತದೆ. ಗುಂಡಿ ಬಂದಾಗಲೂ ಸಡಿಲವಾಗಲು ಜಾಗವಿಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಟ್ಟುವ ಕ್ರಮವೆಲ್ಲ ತಾನಾಗಿಯೇ ತಿಳಿಯುತ್ತದೆ.

ಕಟ್ಟುವುದಕ್ಕೆ ಮೊದಲು ಹತ್ತಿಸುವ ಮಾತು. ಟ್ರೇಲರಿನ ನೆಲ ಸುಮಾರು ಮೂರು ಅಡಿ ಎತ್ತರ. ಎತ್ತಿ ಹಾಕುವುದು ನಮ್ಮ ರೂಢಿ. ಸೊಂಟ ಉಳುಕುವುದೂ, ಸೈಲೆನ್ಸರು ಕಾಲು ಸುಡುವುದೂ ಅಲ್ಲಿಯೇ. ಮಲೆನಾಡಿನಲ್ಲಿ ಇರುವ ಒಂದು ಅನುಕೂಲ ಬಯಲುಸೀಮೆಯವರಿಗಿಲ್ಲ. ಇಲ್ಲಿ ಎಲ್ಲೆಲ್ಲಿಯೂ ದರೆ ಉಂಟು. ಕಾಫಿ ಕಣದ ಅಂಚಿಗೋ, ದಾರಿಯ ಪಕ್ಕದ ಗಟ್ಟಿ ದರೆಗೋ ಟ್ರೇಲರನ್ನು ಹಿಂದಕ್ಕೆ ತಂದು ನಿಲ್ಲಿಸಿದರೆ ಹಲಗೆ ಬಹುಮಟ್ಟಿಗೆ ಸಮನಾಗಿ ಕೂರುತ್ತದೆ, ಬೈಕು ಅಂಗಳದಲ್ಲಿ ತಳ್ಳಿದಷ್ಟೇ ಸಲೀಸಾಗಿ ಒಳಗೆ ಹೋಗುತ್ತದೆ. ಮಳೆಗೆ ನೆನೆದ ಮಣ್ಣಿನ ಅಂಚನ್ನು ಮಾತ್ರ ನಂಬಬೇಡಿ. ಕಲ್ಲು ಕಟ್ಟಿದ ಅಂಚಾದರೆ ಒಳ್ಳೆಯದು. ಹಲಗೆ ಎರಡು ಅಂಗುಲ ದಪ್ಪದ್ದಿರಲಿ, ಅದರ ಮೇಲಿನ ತುದಿಯನ್ನು ಟ್ರೇಲರಿಗೆ ಕಟ್ಟಿರಲಿ. ಕಟ್ಟದ ಹಲಗೆ ಹಿಂದಿನ ಚಕ್ರ ಹತ್ತುವ ಹೊತ್ತಿಗೆ ಸರಿಯಾಗಿ ಜಾರುತ್ತದೆ.

ಎರಡು ಚಕ್ರದ ಟ್ರೇಲರಾದರೆ ಇನ್ನೊಂದು ಎಚ್ಚರಿಕೆ ಬೇಕು. ಅದನ್ನು ಟ್ರ್ಯಾಕ್ಟರಿನಿಂದ ಬಿಡಿಸಿ ನಿಲ್ಲಿಸಿಕೊಂಡು ಬೈಕು ಹತ್ತಿಸಬೇಡಿ. ಹಿಂತುದಿಗೆ ಬೈಕಿನ ಭಾರ, ಜೊತೆಗೆ ಮೂರು ಜನರ ಭಾರ ಬಿದ್ದೊಡನೆ ಮುಂದಿನ ಮೂಕಿ ಮೇಲೇಳುತ್ತದೆ, ಟ್ರೇಲರು ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಹಲಗೆ ಇಡತಕ್ಕದ್ದು. ಹಿಂದಿನ ದಿನ ಹಸಿ ಗೊಬ್ಬರ ಹೊತ್ತಿದ್ದ ಟ್ರೇಲರಾದರೆ ನೆಲ ತೊಳೆದು ಒರಸಿ. ಸಗಣಿ ಹತ್ತಿದ ತಗಡಿನ ಮೇಲೆ ಟೈರು ನಿಲ್ಲುವುದಿಲ್ಲ, ನಿಮ್ಮ ಕಾಲೂ ನಿಲ್ಲುವುದಿಲ್ಲ.

ಬೈಕಿನ ಮೇಲೆ ಕುಳಿತು ಎಂಜಿನ್ನಿನ ಬಲದಿಂದ ಹಲಗೆ ಹತ್ತಿಸುವ ಶೂರರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅಂಥವರಿಗೆ ಒಂದು ಲೋಟ ಕಾಫಿ ಕೊಟ್ಟು ಜಗುಲಿಯಲ್ಲಿ ಕೂರಿಸಿ. ಇಬ್ಬರು ಅಕ್ಕಪಕ್ಕದಲ್ಲಿ, ಒಬ್ಬರು ಹಿಂದಿನಿಂದ, ನಡೆದುಕೊಂಡೇ ತಳ್ಳಿದರೆ ಸಾಕು.

ಇನ್ನು ಬೈಕನ್ನು ಇಡುವ ಜಾಗ. ಮುಂದಿನ ಚಕ್ರ ಟ್ರೇಲರಿನ ಮುಂಗೋಡೆಗೆ ಒತ್ತಿಕೊಂಡಿರಬೇಕು. ನಡುವೆ ಹಳೆಯ ಟೈರಿನ ತುಂಡೊಂದಿದ್ದರೆ ಲೇಸು. ಬ್ರೇಕ್ ಹಾಕಿದಾಗಿನ ಆ ದೊಡ್ಡ ಬಲವನ್ನು ಹಗ್ಗಕ್ಕಿಂತ ಮೊದಲು ಗೋಡೆಯೇ ತಡೆಯುತ್ತದೆ. ಚಕ್ರ ಅತ್ತಿತ್ತ ಹೊರಳದಂತೆ ಅದರ ಎರಡೂ ಮಗ್ಗುಲಿಗೆ ಒಂದೊಂದು ಮರದ ರೀಪರು ಹೊಡೆದರೆ ಇನ್ನೂ ಭದ್ರ. ಹ್ಯಾಂಡಲ್ ನೇರವಾಗಿರಲಿ, ಬೀಗ ಹಾಕಬೇಡಿ. ಬೈಕು ಮೊದಲನೆಯ ಗೇರಿನಲ್ಲಿರಲಿ. ಹಳೆಯ ಗಾಡಿಗಳಿಗೆ ಪೆಟ್ರೋಲ್ ಕಾಕ್ ಮುಚ್ಚಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗಳನ್ನು ಕೆಲವು ತೋಟದ ಮನೆಗಳಲ್ಲಿ ಈಗಲೂ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಆ ಕಾರ್ಖಾನೆ ಮುಚ್ಚಿದ್ದು ೧೯೯೬ರಲ್ಲಿ, ಅಂದಮೇಲೆ ಅವುಗಳ ಕಾಕಿನ ವಾಷರು ಎಷ್ಟು ಹಳೆಯದೆಂದು ನೀವೇ ಊಹಿಸಿ. ೨೦೨೦ರ ಏಪ್ರಿಲಿನಿಂದ ಈಚೆಗೆ ಬಂದ ಬಹುಪಾಲು ಬೈಕುಗಳಲ್ಲಿ ಈ ಕಾಕ್ ಇರುವುದಿಲ್ಲ. ಬೀಗದ ಕೈ ತೆಗೆದಿಟ್ಟುಕೊಂಡರೆ ಸಾಕು.

ಸ್ಟ್ಯಾಂಡಿನ ವಿಷಯದಲ್ಲಿ ಹಲವರು ವಾದಿಸುತ್ತಾರೆ. ಸೈಡ್ ಸ್ಟ್ಯಾಂಡ್ ಹಾಕಿದರೆ ತಾನೇ ಬೈಕು ನಿಲ್ಲುವುದು, ಅದನ್ನು ತೆಗೆದರೆ ಹೇಗೆ ಎಂದು. ಸೈಡ್ ಸ್ಟ್ಯಾಂಡಿನ ಮೇಲೆ ಬೈಕು ಒಂದು ಮಗ್ಗುಲಿಗೆ ಓರೆಯಾಗಿರುತ್ತದೆ. ಹಗ್ಗ ಬಿಗಿದಷ್ಟೂ ಆ ಒಂದು ಕಡ್ಡಿಯ ಮೇಲೆ ಭಾರ ಬೀಳುತ್ತದೆ. ಗುಂಡಿಗೆ ಧುಮುಕಿದಾಗ ಅದು ಬಾಗುತ್ತದೆ, ಇಲ್ಲವೇ ಮಡಚಿಕೊಳ್ಳುತ್ತದೆ; ಆ ಕೂಡಲೇ ಎಲ್ಲ ಹಗ್ಗವೂ ಸಡಿಲ. ಡಬಲ್ ಸ್ಟ್ಯಾಂಡ್ ಹಾಕಿದರೋ, ಒಂದು ಚಕ್ರ ನೆಲ ಬಿಟ್ಟಿರುತ್ತದೆ, ಬ್ರೇಕ್ ಹಾಕಿದಾಗ ಬೈಕು ಮುಂದಕ್ಕೆ ಉರುಳಿ ಸ್ಟ್ಯಾಂಡಿನಿಂದ ಇಳಿದೇ ಇಳಿಯುತ್ತದೆ. ಆದ್ದರಿಂದ ಎರಡು ಸ್ಟ್ಯಾಂಡೂ ಮೇಲಿರಬೇಕು. ಬೈಕು ತನ್ನ ಎರಡು ಟೈರುಗಳ ಮೇಲೆ ನೆಟ್ಟಗೆ ನಿಲ್ಲಬೇಕು. ಚಪ್ಪರದ ಕಂಬವನ್ನು ನಾಲ್ಕು ಕಡೆಯಿಂದ ಹಗ್ಗ ಎಳೆದು ನಿಲ್ಲಿಸುತ್ತೀರಲ್ಲ, ಹಾಗೆ.

ಮೊದಲು ಮುಂದಿನ ಎರಡು ಹಗ್ಗ. ಇವನ್ನು ಹ್ಯಾಂಡಲಿನ ತುದಿಗೆ ಕಟ್ಟುವುದು ಬೇಡ. ಹ್ಯಾಂಡಲ್ ತಿರುಗುತ್ತದೆ, ಬಾಗುತ್ತದೆ, ಬ್ರೇಕಿನ ಪೈಪು ಜಜ್ಜಿಹೋಗುತ್ತದೆ. ಹ್ಯಾಂಡಲಿನ ಕೆಳಗೆ, ಫೋರ್ಕಿನ ಎರಡು ಕೊಳವೆಗಳನ್ನು ಅಡ್ಡಲಾಗಿ ಹಿಡಿದಿರುವ ಗಟ್ಟಿ ಲೋಹದ ಪಟ್ಟಿ ಉಂಟು. ಅಲ್ಲಿ ಹಗ್ಗ ಹಾಕಬೇಕು. ಬಣ್ಣ ಕೀಳದಂತೆ ಒಂದು ಹಳೆಯ ಬಟ್ಟೆ ಸುತ್ತಿ. ಅಲ್ಲಿಂದ ಒಂದು ಹಗ್ಗ ಎಡಕ್ಕೆ, ಒಂದು ಬಲಕ್ಕೆ, ಎರಡೂ ಕೆಳಮುಖವಾಗಿ ಮತ್ತು ಸ್ವಲ್ಪ ಮುಂದಕ್ಕೆ ಹೋಗಿ ಟ್ರೇಲರಿನ ಕೊಕ್ಕೆ ಸೇರಬೇಕು. ಇಳಿಜಾರು ನಮ್ಮ ಹೆಂಚಿನ ಮಾಡಿನ ಇಳಿಜಾರಿನಷ್ಟಿದ್ದರೆ ಸರಿ. ನೆಟ್ಟಗೆ ಕೆಳಗಿಳಿದ ಹಗ್ಗ ಬೈಕನ್ನು ಒತ್ತುತ್ತದೆಯೇ ಹೊರತು ವಾಲುವುದನ್ನು ತಡೆಯುವುದಿಲ್ಲ. ತೀರ ಅಡ್ಡಲಾಗಿ ಹೋದ ಹಗ್ಗ ವಾಲುವುದನ್ನು ತಡೆದರೂ ಕೆಳಕ್ಕೆ ಒತ್ತುವುದಿಲ್ಲ.

ಈಗ ಒಬ್ಬರು ಹ್ಯಾಂಡಲಿನ ಮೇಲೆ ಮೈಭಾರ ಹಾಕಿ ಫೋರ್ಕನ್ನು ಒತ್ತಲಿ. ಇನ್ನಿಬ್ಬರು ಎರಡೂ ಕಡೆಯ ಹಗ್ಗವನ್ನು ಒಟ್ಟಿಗೆ, ಸಮನಾಗಿ ಬಿಗಿಯಲಿ. ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆಗೆ ಹೋದರೆ ಬೈಕು ಓರೆಯಾಗುತ್ತದೆ. ಫೋರ್ಕು ಎಷ್ಟು ಕುಗ್ಗಬಲ್ಲುದೋ ಅದರ ಅರ್ಧದಷ್ಟು ಕುಗ್ಗಿದರೆ ಸಾಕು. ಪೂರ್ತಿ ಕೂರಿಸಿಬಿಟ್ಟರೆ ಗುಂಡಿಯ ಪೆಟ್ಟನ್ನು ತಾಳಲು ಸ್ಪ್ರಿಂಗಿಗೆ ಜಾಗವೇ ಉಳಿಯುವುದಿಲ್ಲ, ಫೋರ್ಕಿನ ಎಣ್ಣೆ ಸೀಲು ಕೆಟ್ಟು ಸೋರಲು ಶುರುವಾಗುತ್ತದೆ. ಆಮೇಲೆ "ಟ್ರೇಲರಿನಲ್ಲಿ ಹಾಕಿದ್ದಕ್ಕೇ ಗಾಡಿ ಹಾಳಾಯ್ತು" ಎಂದು ಮನೆಯಲ್ಲಿ ದೂರು.

ಹಿಂದಿನ ಎರಡು ಹಗ್ಗಗಳ ಕೆಲಸ ಬೇರೆ. ಬೈಕಿನ ಹಿಂಭಾಗ ಅತ್ತಿತ್ತ ಕುಪ್ಪಳಿಸದಂತೆ ತಡೆಯುವುದು ಅವುಗಳ ಕೆಲಸ. ಸೀಟಿನ ಕೆಳಗಿನ ಚಾಸಿಯ ಕೊಳವೆಯಿಂದ ಕೆಳಕ್ಕೆ, ಹೊರಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದು ಕಟ್ಟಿ. ಇಂಡಿಕೇಟರು, ಮಡ್‌ಗಾರ್ಡು, ಸೈಲೆನ್ಸರು ಇವುಗಳಿಗೆ ಹಗ್ಗ ತಾಗಬಾರದು. ಕಾದ ಸೈಲೆನ್ಸರಿಗೆ ನೈಲಾನ್ ತಾಗಿದರೆ ಕರಗಿಯೇ ಹೋಗುತ್ತದೆ. ಸ್ಕೂಟರುಗಳಲ್ಲಿ ಹೊರಗೆ ಕಾಣುವುದೆಲ್ಲ ಬಹುತೇಕ ಪ್ಲಾಸ್ಟಿಕ್ಕು. ಅವುಗಳಿಗೆ ಹಿಂದೆ ಸವಾರರು ಹಿಡಿದುಕೊಳ್ಳುವ ಕಬ್ಬಿಣದ ಹಿಡಿಕೆ, ಮುಂದೆ ಹ್ಯಾಂಡಲಿನ ಬುಡ, ಇವೇ ಗತಿ. ಎಲ್ಲಕ್ಕಿಂತ ಸುಲಭ ನಮ್ಮ ಟಿವಿಎಸ್ ಎಕ್ಸ್‌ಎಲ್. ಅದರ ಕೊಳವೆಯೆಲ್ಲ ಕಣ್ಣೆದುರಿಗೇ ಇದೆ, ತೂಕವೂ ತೊಂಬತ್ತು ಕಿಲೋದ ಆಸುಪಾಸು.

ಯಾವ ಹಗ್ಗ? ಹಳೇ ಟ್ಯೂಬು ಕೂಡದು. ರಬ್ಬರು ಹಿಗ್ಗುವುದಕ್ಕಾಗಿಯೇ ಇರುವ ವಸ್ತು. ಮೊದಲೇ ಸ್ಪ್ರಿಂಗಿನ ಮೇಲಿರುವ ಬೈಕನ್ನು ಇನ್ನೊಂದು ಸ್ಪ್ರಿಂಗಿಗೆ ಕಟ್ಟಿದಂತಾಯಿತು. ಸೀಟಿನ ಮೇಲೆ ಮೇವಿನ ಹೊರೆ ಕಟ್ಟಲು ಅದು ಸರಿ, ಇಲ್ಲಿಗಲ್ಲ. ನೈಲಾನ್ ಹಗ್ಗ ಗಟ್ಟಿಯಾದರೂ ಅದೂ ಹಿಗ್ಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನಷ್ಟು ಹಿಗ್ಗುತ್ತದೆ. ಬೆರಳು ಗಾತ್ರದ ಹೊಸ ಹಗ್ಗವಾಗಿದ್ದು, ದಾರಿಯಲ್ಲಿ ಎರಡು ಸಲ ಮತ್ತೆ ಬಿಗಿಯುವುದಾದರೆ ಅಡ್ಡಿಯಿಲ್ಲ. ಕಣದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಹಗ್ಗ ನೋಡಲು ಚೆನ್ನಾಗಿದ್ದರೂ ಒಳಗೆ ಸತ್ತುಹೋಗಿರುತ್ತದೆ. ಹಗ್ಗ ಬಿಗಿಯಲು ಲಾರಿಯವರ ಉಪಾಯ ನಿಮಗೆ ಗೊತ್ತೇ ಇದೆ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿಸಿ, ಮರಳಿ ಅದೇ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಜಗ್ಗಿದರೆ ಬರೀ ಕೈಯಲ್ಲಿ ಎಳೆದದ್ದಕ್ಕಿಂತ ಎಷ್ಟೋ ಹೆಚ್ಚು ಬಿಗಿ ಬರುತ್ತದೆ.

ಎಲ್ಲಕ್ಕಿಂತ ಮೇಲಾದದ್ದು ಹಲ್ಲಿನ ಚಕ್ರವಿರುವ ರ್‍ಯಾಚೆಟ್ ಬೆಲ್ಟು. ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದಂತೆಲ್ಲ ಬೆಲ್ಟು ಸುತ್ತಿಕೊಳ್ಳುತ್ತದೆ, ಹಲ್ಲು ಅದನ್ನು ಜಾರಲು ಬಿಡುವುದಿಲ್ಲ. ಎಷ್ಟು ಭಾರ ತಡೆಯುತ್ತದೆಂಬುದನ್ನು ಅದರ ಚೀಟಿಯ ಮೇಲೆ ಅಚ್ಚು ಹಾಕಿರುತ್ತಾರೆ, ಚೀಟಿಯಿಲ್ಲದ್ದನ್ನು ಕೊಳ್ಳಬೇಡಿ. ನಾಲ್ಕು ಬೆಲ್ಟು ಒಂದೇ ಮನೆಗೆ ದುಬಾರಿಯೆನಿಸಿದರೆ ನಾಲ್ಕು ಮನೆಯವರು ಸೇರಿ ತರಬಹುದು. ಸ್ಪ್ರೇ ಪಂಪು, ಏಣಿ ಇವನ್ನೆಲ್ಲ ಕೇಳಿ ತಂದು ಬಳಸುವುದು ನಮಗೇನು ಹೊಸದೇ? ಹಗ್ಗವಾಗಲಿ ಬೆಲ್ಟಾಗಲಿ, ಟ್ರೇಲರಿನ ತಗಡಿನ ಅಂಚಿಗೆ ಉಜ್ಜುವ ಕಡೆ ಗೋಣಿಚೀಲ ಮಡಿಸಿ ಕೊಡಿ. ಆ ಅಂಚು ಕತ್ತಿಯಂತಿರುತ್ತದೆ.

ಕಟ್ಟಿ ಆದಮೇಲೆ ಬೈಕಿನ ಸೀಟನ್ನು ಹಿಡಿದು ಜೋರಾಗಿ ಅಲುಗಿಸಿ. ಬೈಕು ಅಲುಗಿದರೆ ಟ್ರೇಲರೂ ಅದರ ಜೊತೆಗೆ ಅಲುಗಬೇಕು. ಬೈಕೊಂದೇ ಅಲುಗಿದರೆ ಮತ್ತೆ ಬಿಗಿಯಿರಿ.

ಹೊರಟು ಒಂದೆರಡು ಕಿಲೋಮೀಟರು ಹೋದಮೇಲೆ ನಿಲ್ಲಿಸಿ ನೋಡಲೇಬೇಕು. ಗಂಟುಗಳು ಕೂರುವುದು, ಟೈರು ಜಾಗ ಹಿಡಿಯುವುದು ಆ ಮೊದಲ ದೂರದಲ್ಲಿಯೇ. ಆಮೇಲೆ ದೊಡ್ಡ ಇಳಿಜಾರು ಶುರುವಾಗುವ ಮುನ್ನ ಇನ್ನೊಮ್ಮೆ. ಕಳಸದಿಂದ ಮೂಡಿಗೆರೆಗೆ ಬರುವವರಿಗೂ, ಪಿಕಪ್ಪಿನಲ್ಲಿ ಚಾರ್ಮಾಡಿ ಇಳಿದು ಉಜಿರೆಯ ಕಡೆ ಹೋಗುವವರಿಗೂ ಕೊಟ್ಟಿಗೆಹಾರವೇ ತಕ್ಕ ಜಾಗ. ನೀರುದೋಸೆಗೆಂದು ಹೇಗೂ ನಿಲ್ಲಿಸುತ್ತೀರಿ. ಹೋಟೆಲಿನೊಳಕ್ಕೆ ಹೋಗುವ ಮೊದಲು ನಾಲ್ಕೂ ಹಗ್ಗವನ್ನು ಕೈಯಿಂದ ಮುಟ್ಟಿ ನೋಡಿ, ಹೊರಟಾಗ ಇನ್ನೊಮ್ಮೆ. ಘಾಟಿಯಲ್ಲಿ ಇಳಿಯುವಾಗ ಬೈಕು ಸದಾ ಮುಂದಕ್ಕೆ ಒತ್ತುತ್ತಿರುತ್ತದೆ. ತಿರುವಿನಾಚೆ ಏನಿದೆಯೆಂದು ಕಾಣಿಸುವುದಿಲ್ಲ. ೨೦೧೯ರ ಆಗಸ್ಟಿನ ಮಳೆಯಲ್ಲಿ ಆ ಘಾಟಿಯ ದರೆಗಳು ಹೇಗೆ ಕುಸಿದವೆಂಬುದನ್ನು ನೀವು ಕಂಡಿದ್ದೀರಿ. ಮಳೆಗಾಲದಲ್ಲಿ ರಸ್ತೆಯ ನಡುವೆ ಕಲ್ಲೋ ಮರವೋ ಬಿದ್ದಿರುವುದು ಅಲ್ಲಿ ಅಪರೂಪವಲ್ಲ. ಎಷ್ಟೋ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಅವು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತವೆ. ಕೆಳಗಿನ ಗೇರು ಮೊದಲೇ ಹಾಕಿಕೊಂಡು ಇಳಿಯುವುದೇ ಸರಿ. ನಡುವೆ ಕ್ಲಚ್ ಒತ್ತಿ ಗೇರು ಬದಲಿಸಲು ಹೋಗಬಾರದು.

ಹೊರನಾಡಿನ ದಾರಿಯಲ್ಲಿ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದ ದಿನಗಳನ್ನು ಕಳಸದವರು ಮರೆತಿರಲಾರರು. "ಟ್ರ್ಯಾಕ್ಟರ್ ಎತ್ತರ ಇದೆ, ಬೈಕು ಹೇರ್ಕೊಂಡು ದಾಟಿಬಿಡೋಣ" ಎನ್ನುವ ಮಾತು ಅಂಥ ಹೊತ್ತಿನಲ್ಲಿಯೇ ಬರುವುದು. ಟ್ರ್ಯಾಕ್ಟರ್ ಎತ್ತರವಿದ್ದರೂ ಹಗುರಾದ ಟ್ರೇಲರನ್ನು ಹರಿಯುವ ನೀರು ಪಕ್ಕಕ್ಕೆ ಎಳೆಯುತ್ತದೆ. ನೀರು ಇಳಿಯುವವರೆಗೆ ಬೈಕು ಈಚೆ ದಡದಲ್ಲಿಯೇ ಇರಲಿ.

ಇನ್ನು ಆ ಹಿಡಿದುಕೊಂಡು ಕೂರುವ ಹುಡುಗನ ವಿಷಯ. ಇಷ್ಟು ಕಟ್ಟಿದ ಮೇಲೆ ಅವನಿಗೆ ಅಲ್ಲಿ ಕೆಲಸವೇನೂ ಇಲ್ಲ. ಕಾನೂನೂ ಅವನ ಪರವಾಗಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಹೋದವರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ತೀರ್ಪು ಕೊಟ್ಟಿದೆ. ಮೋಟಾರು ವಾಹನಗಳ ಕಾಯಿದೆಗೆ ೧೯೯೪ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸರಕಿನ ಒಡೆಯನಿಗೋ ಅವನ ಪರವಾಗಿ ಹೋದವನಿಗೋ ವಿಮೆಯ ರಕ್ಷಣೆ ಉಂಟು. ಆದರೆ ಅವನು ಚಾಲಕನ ಪಕ್ಕದ ಕ್ಯಾಬಿನ್ನಿನಲ್ಲಿ ಕುಳಿತಿರಬೇಕು, ಸರಕಿನ ಜೊತೆ ಹಿಂದೆ ಅಲ್ಲ. ಟ್ರ್ಯಾಕ್ಟರಿನಲ್ಲಂತೂ ಇರುವುದೇ ಚಾಲಕನ ಒಂದು ಸೀಟು. ಮಡ್‌ಗಾರ್ಡಿನ ಮೇಲೆ ಕೂತವರೂ ಟ್ರೇಲರಿನಲ್ಲಿ ನಿಂತವರೂ ಲೆಕ್ಕಕ್ಕೆ ಬರುವುದಿಲ್ಲ. ಏನಾದರೂ ಆದರೆ ಆಸ್ಪತ್ರೆಯ ಖರ್ಚಿನಿಂದ ಹಿಡಿದು ಎಲ್ಲ ಹೊಣೆಯೂ ಗಾಡಿಯ ಯಜಮಾನರ ತಲೆಗೆ ಬರುತ್ತದೆ. ಒಂದು ವರ್ಷದ ಕಾಫಿ ಫಸಲು ಅದಕ್ಕೆ ಸಾಲದೆ ಹೋಗಬಹುದು. ಹುಡುಗ ಬರಲೇಬೇಕೆಂದಿದ್ದರೆ ಬಸ್ಸಿನಲ್ಲಿ ಬರಲಿ, ಇಳಿಸುವ ಹೊತ್ತಿಗೆ ಕೈ ಕೊಡಲಿ.

ಇಳಿಸುವಾಗ ಹಿಂದಿನ ಹಗ್ಗ ಮೊದಲು ಬಿಚ್ಚಿ. ಮುಂದಿನ ಹಗ್ಗ ಬಿಚ್ಚುವ ಮುನ್ನ ಇಬ್ಬರು ಬೈಕನ್ನು ಎರಡೂ ಕಡೆಯಿಂದ ಹಿಡಿದಿರಬೇಕು, ಏಕೆಂದರೆ ಕುಗ್ಗಿದ ಫೋರ್ಕು ಒಮ್ಮೆಲೇ ಮೇಲೆ ಚಿಮ್ಮುತ್ತದೆ. ಹಲಗೆಯ ಮೇಲೆ ಹಿಂದಕ್ಕೆ ಇಳಿಸುವಾಗ ಮುಂದಿನ ಬ್ರೇಕನ್ನೇ ನಂಬಿದರೆ ಚಕ್ರ ನಿಂತರೂ ಬೈಕು ಜಾರುತ್ತದೆ, ಭಾರವೆಲ್ಲ ಆಗ ಹಿಂದಿನ ಚಕ್ರದ ಮೇಲಿರುತ್ತದಲ್ಲ. ಎಂಜಿನ್ ಆರಿಸಿ, ಮೊದಲನೆಯ ಗೇರಿನಲ್ಲಿಟ್ಟು, ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಹಿಡಿದು ಬಿಡುತ್ತ ಬನ್ನಿ. ಕ್ಲಚ್ ಹಿಡಿದರೆ ಬೈಕು ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಲಗೆಯ ಕೆಳತುದಿಯ ಹತ್ತಿರ ಒಬ್ಬರು ನಿಂತಿರಲಿ, ಆದರೆ ಬೈಕಿನ ನೇರ ಹಿಂದೆ ಬೇಡ, ಪಕ್ಕದಲ್ಲಿ. ಚಕ್ರ ನೆಲ ಮುಟ್ಟಿದ ಮೇಲೆ ಸೈಡ್ ಸ್ಟ್ಯಾಂಡ್ ಹಾಕಬಹುದು.